ಟ್ರಾನ್ಸ್‌ಫಾರ್ಮರಿನ ಮೈಬಿಸಿ

ವಿದ್ಯುತ್ ಕೆಲಸ ಅಂದರೆ ಕಂಬ ಹತ್ತುವುದು, ಫ್ಯೂಸ್ ಹಾಕುವುದು, ಬಿಲ್ ಕಟ್ಟದವರ ಮನೆಯ ಲೈನ್ ಕತ್ತರಿಸುವುದು ಎಂದೇ ಹೆಚ್ಚಿನವರು ತಿಳಿದಿದ್ದಾರೆ. ನಾನು ಅದಾವುದನ್ನೂ ಮಾಡಲಿಲ್ಲ. ಸರ್ವಿಸ್ಸಿನ ಕೊನೆಯ ಅರ್ಧವನ್ನು ನಾನು ಕಳೆದದ್ದು ದೊಡ್ಡ ಟ್ರಾನ್ಸ್‌ಫಾರ್ಮರುಗಳ ಮೈ ಎಷ್ಟು ಬಿಸಿಯಾಗಿದೆ ಎಂದು ನೋಡುವುದರಲ್ಲಿ, ಆ ಬಿಸಿ ಮಿತಿ ಮೀರದಂತೆ ಕಾಯುವುದರಲ್ಲಿ. ಕೇಳಿದವರು ನಗುತ್ತಾರೆ. ನಮ್ಮ ಅತ್ತೆಯವರಂತೂ "ನಮ್ ಸೊಸೆಗೆ ಥರ್ಮಾಮೀಟರ್ ನೋಡೋ ಕೆಲಸ" ಎಂದು ಬೆನ್ಸನ್ ಟೌನಿನ ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಇಂದು ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವವರು ಆ ಬಿಸಿಯನ್ನು ಕಂಪ್ಯೂಟರ್ ಪರದೆಯ ಮೇಲೆ ಒಂದು ಅಂಕಿಯಾಗಿ ನೋಡುತ್ತಾರೆ. ಆ ಅಂಕಿಯ ಹಿಂದೆ ಏನಿದೆ ಎಂಬುದನ್ನು ಅವರಿಗೆ ಹೇಳಬೇಕೆನಿಸಿತು. ಬಡ್ತಿ, ವರ್ಗಾವಣೆಗಳ ವಿಷಯ ಬಿಡುತ್ತೇನೆ. ಅವು ಎಲ್ಲರಿಗೂ ಆಗುತ್ತವೆ.

ಎಂಜಿನಿಯರ್ ಆಗಿ ಸೇರಿದರೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನನ್ನನ್ನು ಕಚೇರಿಯಲ್ಲಿ ನಕ್ಷೆ ಬರೆಯಲು ಕೂರಿಸಿದ್ದರು. ಹೆಂಗಸರನ್ನು ಸಬ್‌ಸ್ಟೇಷನ್ನಿಗೆ ಹಾಕುವುದು ಆಗ ರೂಢಿಯಲ್ಲಿರಲಿಲ್ಲ. ಕೇಳಿ ಕೇಳಿ, ತೊಂಬತ್ತರ ದಶಕದ ಆರಂಭದಲ್ಲಿ ಇಂದಿರಾನಗರ ದಾಟಿ ಬೈಯಪ್ಪನಹಳ್ಳಿಯ ಕಡೆಗಿದ್ದ ಒಂದು ಸ್ಟೇಷನ್ನಿಗೆ ಹಾಕಿಸಿಕೊಂಡೆ. ನಮ್ಮ ಮನೆ ಹಲಸೂರಿನಲ್ಲಿ. ಬಸ್ಸಿಳಿದು ಪಾರ್ಥೇನಿಯಂ ಗಿಡಗಳ ನಡುವಿನ ಕಾಲುದಾರಿಯಲ್ಲಿ ನಡೆದರೆ ಸ್ಟೇಷನ್ನಿನ ಗೇಟು. ಜಲ್ಲಿ ಹಾಸಿದ ಅಂಗಳದಲ್ಲಿ ಎರಡು ಟ್ರಾನ್ಸ್‌ಫಾರ್ಮರ್, ಒಂದೊಂದೂ ಸಣ್ಣ ಮನೆಯಷ್ಟು ದೊಡ್ಡದು. ಒಂದನೆಯದು, ಎರಡನೆಯದು ಎಂದೇ ಕರೆಯುತ್ತಿದ್ದೆವು. ಇಂದಿರಾನಗರ, ಹಲಸೂರಿನ ಒಂದು ಭಾಗ, ಪೂರ್ವಕ್ಕೆ ಗರುಡಾಚಾರ್‌ಪಾಳ್ಯದ ಕಾರ್ಖಾನೆಗಳು, ಎಲ್ಲಕ್ಕೂ ವಿದ್ಯುತ್ತು ಹೋಗುತ್ತಿದ್ದುದು ಆ ಎರಡರಿಂದಲೇ.

ಅಲ್ಲಿ ನನ್ನ ಮೇಲಧಿಕಾರಿ ಬಸವಂತಪ್ಪನವರು. ಕಲಬುರಗಿಯವರು, ದಪ್ಪ ಮೀಸೆ, ದೊಡ್ಡ ದನಿ. ಮೊದಲ ದಿನವೇ ಮಧ್ಯಾಹ್ನದ ಬಿಸಿಲಿನಲ್ಲಿ ನನ್ನನ್ನು ಎರಡನೆಯದರ ಮುಂದೆ ನಿಲ್ಲಿಸಿ ಕೇಳಿದರು.

"ಇದರೊಳಗ ಏನೇನ್ ಅದ, ಹೇಳ್ ತಂಗಿ."

"ಕಬ್ಬಿಣದ ಕೋರ್, ತಾಮ್ರದ ಸುರುಳಿ, ಎಣ್ಣೆ ಸರ್."

"ಇನ್ನ?"

ನಾನು ಟ್ಯಾಂಕನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದೆ.

"ಕಾಗದ!" ಎಂದರು. "ತಾಮ್ರದ ಮ್ಯಾಲ ಕಾಗದ ಸುತ್ತಿರ್ತಾರ. ತಾಮ್ರಕ್ಕ ವಯಸ್ಸಾಗಂಗಿಲ್ಲ, ಕಬ್ಬಿಣಕ್ಕೂ ಆಗಂಗಿಲ್ಲ. ಎಣ್ಣಿ ಕೆಟ್ರ ಸೋಸಬಹುದು, ಹೊಸಾದು ತುಂಬಬಹುದು. ಕಾಗದ ಕಾದು ಕಾದು ಹಪ್ಪಳ ಆತಂದ್ರ ಮುಗೀತು. ಟ್ರಾನ್ಸ್‌ಫಾರ್ಮರ್ ಆಯುಷ್ಯ ಅಂದ್ರ ಆ ಕಾಗದದ ಆಯುಷ್ಯ. ಆರೇಳು ಡಿಗ್ರಿ ಹೆಚ್ಚಿಗಿ ಕಾದ್ರ ಅದರ ಆಯುಷ್ಯ ಅರ್ಧಕ್ಕ ಇಳೀತದ. ತಿಳೀತಿಲ್ಲೋ?"

ತಿಳಿಯಿತು. ಕಾಲೇಜಿನಲ್ಲಿ ಓದಿದ್ದೇ ಆದರೂ ಅದು ಮನಸ್ಸಿಗೆ ಇಳಿದದ್ದು ಆ ದಿನ. ಟ್ಯಾಂಕಿನ ಪಕ್ಕದ ಡಬ್ಬಿಯಲ್ಲಿ ಗಡಿಯಾರದಂಥ ಎರಡು ಮೀಟರುಗಳಿದ್ದವು. ಒಂದರ ಮುಳ್ಳು ಎಣ್ಣೆಯ ಬಿಸಿಯನ್ನೂ ಇನ್ನೊಂದರದು ಸುರುಳಿಯ ಬಿಸಿಯನ್ನೂ ತೋರಿಸುತ್ತಿತ್ತು. ಸುರುಳಿಯ ಮುಳ್ಳು ತೊಂಬತ್ತೈದು ಮುಟ್ಟಿದರೆ ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯುತ್ತದೆ. ನೂರೈದು ಮುಟ್ಟಿದರೆ ಟ್ರಾನ್ಸ್‌ಫಾರ್ಮರ್ ತಾನಾಗಿ ಟ್ರಿಪ್ ಆಗುತ್ತದೆ, ಅಂದರೆ ಸ್ವಿಚ್ ಬಿದ್ದು ಊರು ಕತ್ತಲಾಗುತ್ತದೆ. ಕತ್ತಲಾಗುವುದನ್ನು ಜನ ತಪ್ಪು ಅನ್ನುತ್ತಾರೆ. ಒಳಗಿನ ಕಾಗದವನ್ನು ಉಳಿಸಲು ಅದು ಬೇಕು.

"ಒಂದು ನೆನಪಿಡು," ಎಂದರು ಬಸವಂತಪ್ಪ. "ಎಣ್ಣಿ ಎಮ್ಮಿ ಇದ್ದಂಗ. ಬಿಸಿ ಆಗ್ಲಿಕ್ಕೂ ತಾಸುಗಟ್ಲೆ, ತಣ್ಣಗಾಗ್ಲಿಕ್ಕೂ ತಾಸುಗಟ್ಲೆ. ತಾಮ್ರ ಆಡು ಇದ್ದಂಗ. ಲೋಡ್ ಏರಿತಂದ್ರ ಜಿಗೀತದ, ಇಳೀತಂದ್ರ ಇಳೀತದ. ಇಬ್ಬರ ಸ್ವಭಾವ ತಿಳಕೊಂಡಾಕಿ ಈ ಕೆಲಸ ಮಾಡ್ತಾಳ."

ನಾನು ಮಾಡಿದ ಕೆಲಸವೆಲ್ಲ ಈ ಎಮ್ಮೆ, ಆಡುಗಳನ್ನು ಮೇಯಿಸಿದ್ದೇ.

ಸೇರಿದ ಎರಡೋ ಮೂರೋ ವರ್ಷಕ್ಕೆ ನಡೆದ ಒಂದು ಘಟನೆ ಹೇಳುತ್ತೇನೆ. ಕಾದ ಬೇಸಿಗೆ. ಒಂದು ಮಧ್ಯಾಹ್ನ ಅಂಗಳದಿಂದ ಬಂದ ಆಪರೇಟರ್ ಮುನಿರಾಜಪ್ಪ ಖುಷಿಯಲ್ಲಿದ್ದ. ಅವನು ಕೆ.ಆರ್. ಪುರದ ಹತ್ತಿರದ ಹಳ್ಳಿಯವನು, ರಾಗಿ ಹೊಲವೆಲ್ಲ ಲೇಔಟಾದ ಮೇಲೂ ಕೆಲಸ ಬಿಡದ ಮನುಷ್ಯ.

"ಮೇಡಮ್ಮೋರೇ, ಎರಡ್ನೇದು ಈ ವರ್ಸ ಬಲೇ ತಣ್ಣಗೈತೆ. ಎರಡು ಮುಳ್ಳೂ ಒಂದೇ ತಾವ ನಿಂತವೆ, ಜೋಡೆತ್ತು ಇದ್ದಂಗೆ."

ಜೋಡೆತ್ತು ಎಂಬ ಮಾತು ಕೇಳಿ ನನಗೆ ಕಸಿವಿಸಿಯಾಯಿತು. ಸುರುಳಿಗೆ ನೇರವಾಗಿ ಥರ್ಮಾಮೀಟರ್ ಇಡಲು ಬರುವುದಿಲ್ಲ, ಅಲ್ಲಿರುವುದು ಕೊಲ್ಲುವ ವೋಲ್ಟೇಜು. ಅದಕ್ಕೇ ಹಿರಿಯರು ಒಂದು ಉಪಾಯ ಹೂಡಿದ್ದಾರೆ. ಎಣ್ಣೆಯ ಬಿಸಿ ತಿಳಿದು ಚಲಿಸುವ ಮೀಟರಿಗೆ ಪುಟ್ಟ ಹೀಟರ್ ಒಂದನ್ನು ಜೋಡಿಸಿ, ಲೋಡಿನ ಕರೆಂಟಿನ ಒಂದು ಸಣ್ಣ ಪಾಲನ್ನು ಅದಕ್ಕೆ ಹರಿಸುತ್ತಾರೆ. ಲೋಡ್ ಏರಿದಷ್ಟೂ ಹೀಟರ್ ಕಾಯುತ್ತದೆ, ಮುಳ್ಳು ಎಣ್ಣೆಯ ಬಿಸಿಗಿಂತ ಮೇಲೆ ಹೋಗಿ ಸುರುಳಿಯ ಬಿಸಿಯನ್ನು ತೋರಿಸುತ್ತದೆ. ಹಾಗಾಗಿ ಲೋಡ್ ಇರುವಾಗ ಎರಡು ಮುಳ್ಳು ಜೋಡೆತ್ತಾಗುವುದು ಸಾಧ್ಯವೇ ಇಲ್ಲ.

ಹೋಗಿ ನೋಡಿದೆ. ಲೋಡ್ ಪೂರ್ತಿ ಇದೆ, ಟ್ಯಾಂಕಿನ ಮೈ ಮುಟ್ಟಲಾಗದಷ್ಟು ಬಿಸಿ, ಎರಡು ಮುಳ್ಳೂ ಅಪ್ಪಿಕೊಂಡು ನಿಂತಿವೆ. ಡಬ್ಬಿಯ ಹಿಂದಿನ ವೈರುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಹಿಂದಿನ ತಿಂಗಳು ಪರೀಕ್ಷೆಗೆ ಬಂದಿದ್ದ ತಂಡ ತಮ್ಮ ಸುರಕ್ಷತೆಗೆಂದು ಹೀಟರಿಗೆ ಹೋಗುವ ಕರೆಂಟನ್ನು ಲಿಂಕ್ ಎಂಬ ಲೋಹದ ಪಟ್ಟಿಯೊಂದನ್ನು ಹಾಕಿ ಅಡ್ಡದಾರಿಗೆ ತಿರುಗಿಸಿತ್ತು. ಕೆಲಸ ಮುಗಿದ ಮೇಲೆ ಲಿಂಕ್ ತೆಗೆಯಲು ಮರೆತು ಹೋಗಿದ್ದರು. ಆ ಇಡೀ ತಿಂಗಳು ನಮ್ಮ ಕಣ್ಣಿಗೆ ತಣ್ಣಗೆ ಕಂಡ ಟ್ರಾನ್ಸ್‌ಫಾರ್ಮರ್ ಒಳಗೊಳಗೇ ಕುದಿಯುತ್ತಿತ್ತು. ಇನ್ನೂ ಹೆಚ್ಚು ಕಾದಿದ್ದರೂ ಗಂಟೆ ಹೊಡೆಯುತ್ತಿರಲಿಲ್ಲ, ಟ್ರಿಪ್ ಆಗುತ್ತಿರಲಿಲ್ಲ.

ಲಿಂಕ್ ತೆಗೆಸಿದೆ. ಸ್ವಲ್ಪ ಹೊತ್ತಿನಲ್ಲಿ ಸುರುಳಿಯ ಮುಳ್ಳು ಎದ್ದು ತನ್ನ ಜಾಗಕ್ಕೆ ಹೊರಟಿತು. ಅದು ಮೇಲೇರುವುದನ್ನು ನೋಡಿ ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಬಸವಂತಪ್ಪ ಆ ತಂಡದವರನ್ನು ಫೋನಿನಲ್ಲಿ ಬೈದ ಬೈಗುಳ ಗೇಟಿನವರೆಗೂ ಕೇಳಿಸಿತು. ಆಮೇಲೆ ಅಕ್ಕಪಕ್ಕದ ಎಲ್ಲ ಸ್ಟೇಷನ್ನುಗಳಿಗೂ ನನ್ನನ್ನೇ ಕಳಿಸಿ ಮೀಟರುಗಳನ್ನು ನೋಡಿಸಿದರು. ಇನ್ನೊಂದು ಕಡೆಯೂ ಇದೇ ಜೋಡೆತ್ತು ಸಿಕ್ಕಿತು. ಹೊಸಬರಿಗೆ ನಾನು ಯಾವಾಗಲೂ ಹೇಳುವುದಿಷ್ಟು: ಮೀಟರ್ ಹೆಚ್ಚು ತೋರಿಸಿದಾಗ ಎಲ್ಲರೂ ಓಡಿ ಬರುತ್ತಾರೆ, ಕಡಿಮೆ ತೋರಿಸಿದಾಗ ಅನುಮಾನ ಪಡುವುದನ್ನು ಕಲಿಯಿರಿ.

ಇನ್ನೊಂದು ಸಲ ಕಾಟ ಕೊಟ್ಟದ್ದು ಫ್ಯಾನುಗಳು. ಟ್ಯಾಂಕಿನ ಬಿಸಿ ಎಣ್ಣೆ ಪಕ್ಕದ ರೇಡಿಯೇಟರುಗಳಲ್ಲಿ ಇಳಿದು ತಣ್ಣಗಾಗುತ್ತದೆ. ಅದು ಸಾಲದಾದಾಗ ದೊಡ್ಡ ಫ್ಯಾನುಗಳು ತಿರುಗಿ ರೇಡಿಯೇಟರಿಗೆ ಗಾಳಿ ಹೊಡೆಯುತ್ತವೆ. ಸುಟ್ಟುಹೋದ ಫ್ಯಾನ್ ಮೋಟರುಗಳನ್ನು ಶಿವಾಜಿನಗರದಲ್ಲಿ ಪುಟ್ಟ ಅಂಗಡಿ ಇಟ್ಟಿದ್ದ ರಫೀಕ್ ಎಂಬಾತನಿಂದ ಹೊಸ ತಂತಿಯಲ್ಲಿ ಸುತ್ತಿಸುತ್ತಿದ್ದೆವು. ಕೈ ಬಲು ಚೊಕ್ಕ. ಒಮ್ಮೆ ಒಂದು ಸಾಲು ಫ್ಯಾನುಗಳೆಲ್ಲ ಅವನಲ್ಲಿಗೆ ಹೋಗಿ ಬಂದವು. ಹಾಕಿದೆವು, ಜೋರಾಗಿ ತಿರುಗಿದವು. ಆದರೆ ಎಣ್ಣೆಯ ಬಿಸಿ ಇಳಿಯಲೊಲ್ಲದು.

ಕಾರಣ ಹುಡುಕುತ್ತ ಫ್ಯಾನಿನ ಹಿಂಬದಿಗೆ ಹೋಗಿ ನಿಂತೆ. ಆ ಕಡೆಯಿಂದ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳಬೇಕು. ನನ್ನ ಮುಖಕ್ಕೆ ರಪ್ಪನೆ ಬಿಸಿಗಾಳಿ ಹೊಡೆಯಿತು, ಸೆರಗು ಹಿಂದಕ್ಕೆ ಹಾರಿತು. ಫ್ಯಾನುಗಳು ಉಲ್ಟಾ ತಿರುಗುತ್ತಿದ್ದವು! ರಫೀಕ್‌ನನ್ನು ಕರೆಸಿದೆ.

"ಅರೇ ಮೇಡಂ, ನನ್ ವೈಂಡಿಂಗ್‌ನಲ್ಲಿ ಮಿಸ್ಟೇಕಾ? ಚಾನ್ಸೇ ಇಲ್ಲ!" ಎನ್ನುತ್ತಲೇ ಬಂದ.

ಅವನನ್ನೂ ಅದೇ ಜಾಗದಲ್ಲಿ ನಿಲ್ಲಿಸಿದೆ. ತಲೆಯ ಟೋಪಿ ಹಾರಿ ಜಲ್ಲಿಯ ಮೇಲೆ ಬಿತ್ತು. ಮುನಿರಾಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ರಫೀಕ್ ಟೋಪಿ ಎತ್ತಿಕೊಂಡು ತಾನೂ ನಕ್ಕು, "ಎರಡ್ ವೈರು ಅದಲ್ ಬದಲ್ ಆಗಿದೆ, ಅಷ್ಟೇ ಮೇಡಂ. ಐದ್ ಮಿನಿಟ್ ಕೊಡಿ," ಎಂದು ಸರಿಪಡಿಸಿದ. ಅಂದಿನಿಂದ ಅವನು ಪ್ರತಿ ಮೋಟರಿನ ಮೇಲೂ ಬಿಳಿ ಬಣ್ಣದಲ್ಲಿ ಬಾಣದ ಗುರುತು ಬರೆದು ಕಳಿಸುತ್ತಿದ್ದ. ಎಂದೂ ತಪ್ಪಲಿಲ್ಲ.

ಈಗ ನನ್ನ ಸರ್ವಿಸ್ಸಿನಲ್ಲೇ ಕಷ್ಟದ ಬೇಸಿಗೆಯ ಮಾತು. ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ಇಂದಿರಾನಗರದ ಒಂಟಿ ಮನೆಗಳು ಒಂದೊಂದಾಗಿ ಬಟ್ಟೆ ಷೋರೂಮುಗಳೂ ಹೋಟೆಲುಗಳೂ ಆಗಿ ಪ್ರತಿ ಮಹಡಿಯಲ್ಲೂ ಎ.ಸಿ. ಬಂದಿತ್ತು. ಬೈಯಪ್ಪನಹಳ್ಳಿಯ ಸುತ್ತ ಬಾಡಿಗೆ ಕೋಣೆಗಳು ಒಂದರ ಮೇಲೊಂದು ಏಳುತ್ತಿದ್ದವು. ಲೋಡ್ ಏರುತ್ತಲೇ ಇತ್ತು. ನಾನು ಸ್ಟೇಷನ್ನಿನ ಹೊಣೆ ಹೊತ್ತಿದ್ದೆ. ನಡುವೆ ಬೇರೆಡೆ ಹೋಗಿದ್ದ ಬಸವಂತಪ್ಪನವರು ಇಡೀ ಪೂರ್ವ ಭಾಗಕ್ಕೆ ದೊಡ್ಡ ಸಾಹೇಬರಾಗಿ ವಾಪಸು ಬಂದಿದ್ದರು. ಮೀಸೆ ಬೆಳ್ಳಗಾಗಿತ್ತು.

ಮಾರ್ಚಿನಲ್ಲಿ ಒಂದನೆಯದು ಕೆಟ್ಟು ರಿಪೇರಿಗೆ ಹೋಯಿತು. ಬದಲಿ ಎಲ್ಲೂ ಇರಲಿಲ್ಲ. ಎರಡನೆಯದೊಂದೇ ಉಳಿಯಿತು. ಸಂಜೆಯಾದರೆ ಗಂಟೆ. ಆಪರೇಟರುಗಳಿಗೆ ಅದನ್ನು ನಿಲ್ಲಿಸುವುದೇ ಕೆಲಸ. ಮಕ್ಕಳ ಪರೀಕ್ಷೆಯ ಕಾಲ ಬೇರೆ, ಎಲ್ಲೂ ಕರೆಂಟು ತೆಗೆಯಬಾರದೆಂದು ಮೇಲಿನಿಂದ ಒತ್ತಡ. ಒಂದು ಬೆಳಿಗ್ಗೆ ಬಸವಂತಪ್ಪನವರ ಫೋನು ಬಂತು.

"ತಂಗಿ, ಆ ಟ್ರಿಪ್ಪಿನ ವೈರು ಬಿಚ್ಚಿಡು. ಒಂದನೇದು ಬರೋ ತನಕ ಅಷ್ಟೇ. ಗಂಟಿ ಹೊಡದ್ರ ಹೊಡಕೋಲಿ, ಸ್ವಿಚ್ ಮಾತ್ರ ಬೀಳಬಾರದು."

ಅವರ ದನಿಯಲ್ಲಿ ಮೊದಲಿನ ಗುಡುಗು ಇರಲಿಲ್ಲ, ದಣಿವಿತ್ತು. ನನಗೆ ಕೋಪಕ್ಕಿಂತ ಸಂಕಟವಾಯಿತು. ಈ ಮಾತು ಬೇರೆ ಯಾರಿಂದ ಬಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

"ಆಗಲ್ಲ ಸರ್," ಎಂದೆ.

"ಏನಂದಿ?"

"ಟ್ರಿಪ್ ತೆಗೆದರೆ ಅದನ್ನ ಕಾಯೋರು ಯಾರೂ ಇರಲ್ಲ. ಇದೊಂದು ಸುಟ್ಟರೆ ಬದಲಿ ಇಲ್ಲ. ನನಗೆ ಒಂದು ವಾರ ಟೈಮ್ ಕೊಡಿ. ನೂರೈದರ ಹತ್ತಿರಕ್ಕೇ ಹೋಗದ ಹಾಗೆ ನೋಡ್ಕೋತೀನಿ."

ಅವರು ಫೋನಿಟ್ಟರು. ಆ ಒಂದು ವಾರ ಕೊಟ್ಟರೋ ಇಲ್ಲವೋ ತಿಳಿಯಲಿಲ್ಲ. ಕೊಟ್ಟರೆಂದೇ ಇಟ್ಟುಕೊಂಡು ಕೆಲಸಕ್ಕಿಳಿದೆ.

ಫ್ಯಾನುಗಳು ತಾವಾಗಿ ತಿರುಗುತ್ತಿದ್ದುದು ಬಿಸಿ ಒಂದು ಮಟ್ಟಕ್ಕೆ ಬಂದ ಮೇಲೆ. ಅಷ್ಟರಲ್ಲಿ ಸಂಜೆಯಾಗಿ, ಎಣ್ಣೆ ಆಗಲೇ ಕಾದಿರುತ್ತಿತ್ತು. ಬೆಳಗಿನಿಂದಲೇ ಎಲ್ಲ ಫ್ಯಾನುಗಳನ್ನೂ ಕೈಯಿಂದ ಚಾಲೂ ಮಾಡಿಸಿದೆ. ಲೋಡ್ ಕಡಿಮೆ ಇರುವಾಗಲೇ ಎಣ್ಣೆಯನ್ನು ತಣ್ಣಗೆ ಮಾಡಿಟ್ಟುಕೊಂಡರೆ, ಸಂಜೆ ಅದು ಕಾಯಲು ಮತ್ತೆ ತಾಸುಗಟ್ಟಲೆ ಬೇಕು. ಅಷ್ಟರಲ್ಲಿ ಅಂಗಡಿಗಳು ಬಾಗಿಲು ಹಾಕುತ್ತವೆ. ರಫೀಕ್ ತನ್ನ ಅಂಗಡಿಯಲ್ಲಿದ್ದ ಹಳೆಯ ಫ್ಯಾನುಗಳನ್ನೂ ಸರಿಮಾಡಿ ತಂದು ರೇಡಿಯೇಟರುಗಳ ಸಂದಿಯಲ್ಲಿ ನಿಲ್ಲಿಸಿದ. ಒಂದು ಫೀಡರನ್ನು, ಅಂದರೆ ಒಂದು ಪ್ರದೇಶಕ್ಕೆ ಹೋಗುವ ಲೈನನ್ನು, ಕೆ.ಆರ್. ಪುರದ ಕಡೆಯ ಸ್ಟೇಷನ್ನಿಗೆ ದಾಟಿಸಿದೆ.

ಉಳಿದದ್ದು ಕಾರ್ಖಾನೆಗಳು. ಗರುಡಾಚಾರ್‌ಪಾಳ್ಯದಲ್ಲಿ ಜಗನ್ನಾಥ್ ಎಂಬವರು ಉಕ್ಕಿನ ಬಿಡಿಭಾಗಗಳನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಸಂಜೆಯ ಲೋಡಿನಲ್ಲಿ ಅವರದೇ ದೊಡ್ಡ ಪಾಲು. ಹೋಗಿ ವಿಷಯ ಹೇಳಿದೆ. ಕುಲುಮೆಯನ್ನು ಸಂಜೆಯ ಬದಲು ನಸುಕಿಗೆ ಹಚ್ಚಿಕೊಳ್ಳಲು ಸಾಧ್ಯವೇ ಎಂದು ಕೇಳಿದೆ. ಜಗಳವಾಗುತ್ತದೆಂದು ಎಣಿಸಿದ್ದೆ. ಅವರು ಕಾಗದದ ವಿಷಯವನ್ನು ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದರು.

"ಹತ್ತು ಡಿಗ್ರಿ ಹೆಚ್ಚೂಕಮ್ಮಿ ಆದ್ರೆ ನನ್ ಮಾಲೆಲ್ಲ ಗುಜರಿಗೆ ಹೋಗುತ್ತೆ ಮೇಡಂ. ನೀವ್ ಹೇಳೋದು ಬೇರೆಯವ್ರಿಗಿಂತ ಚೆನ್ನಾಗಿ ನಂಗರ್ಥ ಆಗುತ್ತೆ. ಪಕ್ಕದ ನಾಲ್ಕು ಶೆಡ್ಡಿನವ್ರಿಗೂ ನಾನೇ ಹೇಳ್ತೀನಿ, ಬಿಡಿ."

ಹೇಳಿದಂತೆಯೇ ನಡೆದುಕೊಂಡರು. ವಾರದೊಳಗೆ ಸಂಜೆಯ ಗಂಟೆ ನಿಂತಿತು. ಏಪ್ರಿಲಿನ ಹೆಚ್ಚು ದಿನ ಹಾಗೆಯೇ ಸಾಗಿದವು.

ತಿಂಗಳ ಕೊನೆಯಲ್ಲಿ ಒಂದು ಶನಿವಾರ ಗಾಳಿ ಸತ್ತುಹೋಗಿತ್ತು. ಮೋಡ ಕವಿದು ಸೆಕೆ. ಷೋರೂಮುಗಳಲ್ಲಿ ಮದುವೆ ಬಟ್ಟೆ ಕೊಳ್ಳುವ ಜನ. ಸಂಜೆ ದೀಪ ಹತ್ತುವ ಹೊತ್ತಿಗೆ ಗಂಟೆ ಹೊಡೆಯಿತು. ಸುದ್ದಿ ತಿಳಿದು ಬಸವಂತಪ್ಪನವರು ಜೀಪಿನಲ್ಲಿ ಬಂದಿಳಿದರು. ಇಬ್ಬರೂ ಡಬ್ಬಿಯ ಮುಂದೆ ನಿಂತೆವು. ಮುಳ್ಳು ತೊಂಬತ್ತೈದು ದಾಟಿ ಮೇಲೇರುತ್ತಿತ್ತು, ನಿಲ್ಲುವ ಲಕ್ಷಣವಿರಲಿಲ್ಲ. ಕಂಟ್ರೋಲ್ ರೂಮಿಗೆ ಬಂದು ಹೇಳಿದೆ.

"ಸರ್, ಒಂದು ಫೀಡರ್ ಇಳಿಸಬೇಕು. ಸ್ವಲ್ಪ ಹೊತ್ತು ಸಾಕು."

"ಯಾವ್ದು?"

"ಇಂದಿರಾನಗರದ ಅಂಗಡಿ ಸಾಲು."

"ಹುಚ್ಚು ಹಿಡದದೇನು ನಿನಗ? ಅಲ್ಲಿ ಅಂಗಡಿ ಇಟ್ಟವ್ರು ಯಾರ್‍ಯಾರು ಅನ್ನೂದು ಗೊತ್ತದಿಲ್ಲೋ?"

"ಗೊತ್ತಿದೆ ಸರ್. ಅವರಿಗೆ ಜನರೇಟರ್ ಇದೆ. ಒಂದು ಫೀಡರಲ್ಲಿ ಹೆರಿಗೆ ಆಸ್ಪತ್ರೆ, ಮಿಕ್ಕಿದ್ದರಲ್ಲಿ ಓದೋ ಮಕ್ಕಳು. ನಾವು ಒಂದನ್ನ ಇಳಿಸದಿದ್ದರೆ ಇನ್ನು ಸ್ವಲ್ಪ ಹೊತ್ತಲ್ಲಿ ಟ್ರಿಪ್ಪೇ ಎಲ್ಲವನ್ನೂ ಇಳಿಸುತ್ತೆ."

ಅಂಗಳದಲ್ಲಿ ನಿಂತ ಸಹಾಯಕ ಮುಳ್ಳು ನೂರು ದಾಟಿತೆಂದು ಕೂಗಿದ. ನಾನು ಮುನಿರಾಜಪ್ಪನ ಕಡೆ ತಿರುಗಿ, "ತೆಗೀರಿ," ಎಂದೆ. ಅವನು ಸಾಹೇಬರ ಮುಖ ನೋಡಿದ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಮುನಿರಾಜಪ್ಪ, ಸ್ಟೇಷನ್ ಹೊಣೆ ನಂದು. ತೆಗೀರಿ," ಎಂದೆ ಮತ್ತೆ. ಅವನು ಹಿಡಿ ತಿರುಗಿಸಿದ. ಅಂಗಳದ ಆಚೆ ಆ ಫೀಡರಿನ ದೊಡ್ಡ ಸ್ವಿಚ್ಚು, ಬ್ರೇಕರ್, ಢಬ್ಬೆಂದು ತೆರೆಯಿತು.

ಒಂದು ನಿಮಿಷವೂ ಆಗಿರಲಿಲ್ಲ, ಫೋನು ಬಡಿದುಕೊಳ್ಳಲು ಶುರುವಾಯಿತು. ಎತ್ತಲು ನಾನು ಕೈ ಚಾಚಿದೆ. ಬಸವಂತಪ್ಪ ನನ್ನ ಕೈ ಸರಿಸಿ ತಾವೇ ಎತ್ತಿಕೊಂಡರು.

"ಹೌದ್ರಿ, ಬಂದ್ ಆಗೇದ. ಯಾರ್ ಹೇಳಿದ್ರು ಅಂದ್ರ? ನಾನೇ ಹೇಳೀನ್ರಿ." ಅವರ ಹಳೆಯ ಗುಡುಗು ವಾಪಸು ಬಂದಿತ್ತು. "ಸ್ವಲ್ಪ ಹೊತ್ತು ಅಂಗಡಿ ಕತ್ತಲಾದ್ರ ಯಾರೂ ಸಾಯಂಗಿಲ್ಲ. ಇದು ಸುಟ್ಟು ಕುಂತ್ರ ನಿಮ್ಮ ಊರು ಮಳಿಗಾಲದ ತನಕ ಕತ್ತಲದಾಗ ಕುಂದರ್ತದ. ಯಾರಿಗೆ ಬೇಕಾದ್ರೂ ಹೇಳ್ರಿ!"

ಅಂಥ ಕರೆಗಳು ಇನ್ನೂ ಎಷ್ಟೋ ಬಂದವು. ಒಂದನ್ನೂ ನನಗೆ ಬಿಡಲಿಲ್ಲ. ಅಂಗಳದಲ್ಲಿ ಮುಳ್ಳು ನಿಂತಿತು, ಆಮೇಲೆ ನಿಧಾನಕ್ಕೆ ಹಿಂದಕ್ಕೆ ಬಂತು. ತೊಂಬತ್ತೈದಕ್ಕಿಂತ ಕೆಳಗಿಳಿದ ಮೇಲೆ ಅಂಗಡಿ ಸಾಲಿಗೆ ವಿದ್ಯುತ್ತು ಕೊಟ್ಟೆವು. ಆ ಸಂಜೆ ಬೇರೆ ಯಾವ ಬೀದಿಯ ದೀಪವೂ ಆರಲಿಲ್ಲ.

ಜೀಪು ಹತ್ತುವ ಮುಂಚೆ ಬಸವಂತಪ್ಪ ಹೇಳಿದರು, "ನಾ ಹೇಳಿದಂಗ ನೀ ಮಾಡ್ಲಿಲ್ಲ."

"ಮೊದಲನೇ ದಿನ ನೀವು ಹೇಳಿಕೊಟ್ಟ ಹಾಗೆ ಮಾಡಿದೆ ಸರ್."

ಮೀಸೆಯ ಕೆಳಗೆ ನಗು ಕಾಣಿಸಿತು. "ಅಷ್ಟ್ ಚಲೋ ಕಲಿಸಿದ್ದೇ ನಂದು ತಪ್ಪು," ಎಂದು ಹೊರಟರು. ಮಳೆಗಾಲಕ್ಕೆ ಮೊದಲು ಒಂದನೆಯದು ಬಂತು. ಮರುವರ್ಷ ಅವರು ನಿವೃತ್ತರಾದರು. ನನ್ನ ಮೇಲೆ ಯಾವ ವಿಚಾರಣೆಯೂ ಆಗಲಿಲ್ಲ. ಆಗದಂತೆ ಅವರು ನೋಡಿಕೊಂಡಿದ್ದರೆಂದು ಬಹಳ ದಿನಗಳ ನಂತರ ತಿಳಿಯಿತು.

ಆಮೇಲಿನ ವರ್ಷಗಳಲ್ಲಿ ವಿಧಾನಗಳು ಬದಲಾದವು. ಮುಳ್ಳಿನ ಮೀಟರುಗಳ ಜೊತೆಗೆ ಬಿಸಿಯನ್ನು ದೂರದ ಕಚೇರಿಗೆ ಕ್ಷಣಕ್ಷಣಕ್ಕೂ ಕಳಿಸುವ ಸಲಕರಣೆ ಬಂತು. ಹೊಸ ಟ್ರಾನ್ಸ್‌ಫಾರ್ಮರುಗಳಲ್ಲಿ ಬಿಸಿಯನ್ನು ನೇರವಾಗಿ ಅಳೆಯುವ ಗಾಜಿನ ಎಳೆಯೊಂದನ್ನು ಸುರುಳಿಯೊಳಗೇ ಹೂತಿರುತ್ತಾರೆ. ನಮ್ಮ ಹೀಟರಿನ ಉಪಾಯ ಅದಕ್ಕೆ ಬೇಡ. ಹಳಬರಲ್ಲಿ ಕೆಲವರು ಗೊಣಗಿದರು. ನಾನು ಗೊಣಗಲಿಲ್ಲ. ನಲವತ್ತು ದಾಟಿದ ಮೇಲೆ ಜಲ್ಲಿಯ ಅಂಗಳಕ್ಕೆ ಇಳಿದವಳಿಗೆ ಹೊಸದೆಂದರೆ ಭಯವಿರಲಿಲ್ಲ.

ಲೋಡ್ ಇನ್ನೂ ಬೆಳೆದು ನಮ್ಮ ಸ್ಟೇಷನ್ನಿಗೆ ಇನ್ನೂ ದೊಡ್ಡ ಟ್ರಾನ್ಸ್‌ಫಾರ್ಮರ್ ಬಂದಾಗ ಎರಡನೆಯದನ್ನು ಕಾರ್ಯಾಗಾರಕ್ಕೆ ಕಳಿಸಿದೆವು. ಒಳಗಿನದನ್ನು ಕ್ರೇನಿನಿಂದ ಎತ್ತಿ ನೋಡುವ ದಿನ ನಾನು ರಜೆ ಹಾಕಿ ಹೋದೆ. ಇಷ್ಟು ವರ್ಷ ಹೊರಗಿನಿಂದಷ್ಟೇ ಬಲ್ಲ ಸುರುಳಿಗಳು ಎಣ್ಣೆ ತೊಟ್ಟಿಕ್ಕಿಸುತ್ತ ಮೇಲೆದ್ದವು. ಅಲ್ಲಿನ ತಜ್ಞರು ತುಂಡು ಕಾಗದ ಕತ್ತರಿಸಿ ನನ್ನ ಅಂಗೈಗೂ ಒಂದು ಚೂರು ಹಾಕಿದರು. ಹೊಂಬಣ್ಣಕ್ಕೆ ತಿರುಗಿತ್ತು, ಕರಿದಾಗಿರಲಿಲ್ಲ. ಮಡಿಸಿದೆ, ಮುರಿಯಲಿಲ್ಲ. ಇನ್ನೂ ಬಹಳ ವರ್ಷ ದುಡಿಯುತ್ತದೆ ಎಂದು ಪರೀಕ್ಷೆಯ ಫಲಿತಾಂಶ ಬಂತು. ಎಂಥ ಬೇಸಿಗೆಗಳನ್ನು ಅದು ದಾಟಿ ಬಂದಿತ್ತೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕಣ್ಣು ತುಂಬಿಬಂತು.

ಅದನ್ನು ಕೆ.ಆರ್. ಪುರದ ಆಚೆಯ ಹೊಸ ಸ್ಟೇಷನ್ನಿಗೆ ಕೊಟ್ಟರು. ಸೇವೆಗೆ ಸೇರಿಸುವ ದಿನ ಮೇಲುಸ್ತುವಾರಿಗೆ ನನ್ನನ್ನು ಕಳಿಸಿದ್ದರು. ನನ್ನ ನಿವೃತ್ತಿಗೆ ಒಂದು ವಾರ ಉಳಿದಿತ್ತು. ಅಲ್ಲಿನ ಹೊಣೆ ಹೊತ್ತಿದ್ದ ಕಿರಣ್ ಎಂಬ ಎಂಜಿನಿಯರಿಗೆ ಅಸಮಾಧಾನ.

"ಎಲ್ರಿಗೂ ಹೊಸದು ಕೊಟ್ರು, ನಮಗ್ ಮಾತ್ರ ಸೆಕೆಂಡ್ ಹ್ಯಾಂಡಾ ಮೇಡಂ?"

"ಸೆಕೆಂಡ್ ಹ್ಯಾಂಡೇ. ಫಸ್ಟ್ ಹ್ಯಾಂಡು ನಂದು," ಎಂದೆ.

ಅವನಿಗೆ ನಾಚಿಕೆಯಾಯಿತು, ಆಮೇಲೆ ನಕ್ಕ. ಚಾರ್ಜ್ ಮಾಡಿದೆವು, ಅಂದರೆ ವಿದ್ಯುತ್ತು ಹರಿಸಿದೆವು. ಎರಡನೆಯದು ಹೊಸ ಊರಿನಲ್ಲೂ ಅದೇ ಗುಂಯ್ ಎನ್ನುವ ದನಿ ಹೊರಡಿಸಿತು. ಡಬ್ಬಿಯ ಮುಂದೆ ನಿಂತ ಕಿರಣ್ ಸ್ಕ್ರೂಡ್ರೈವರ್ ಹಿಡಿದು ಕೇಳಿದ, "ಟ್ರಿಪ್ ಎಷ್ಟಕ್ಕಿಡ್ಲಿ ಮೇಡಂ? ಬೇಸಿಗೇಲಿ ತೊಂದರೆ ಆಗ್ಬಾರ್ದಲ್ಲ, ಸ್ವಲ್ಪ ಮೇಲಕ್ಕಿಡೋಣ ಅಂತಿದಾರೆ."

"ಯಾರು ಅಂತಿದಾರೆ?"

ನಾನು ಸ್ಕ್ರೂಡ್ರೈವರ್ ಇಸಿದುಕೊಂಡೆ. ಟ್ರಿಪ್ಪಿನ ಮುಳ್ಳನ್ನು ನೂರೈದಕ್ಕೆ ತಂದು ನಿಲ್ಲಿಸಿ, ಗಾಜಿನ ಮುಚ್ಚಳ ಹಾಕಿ, ತಿರುಪನ್ನು ಬಿಗಿದು ಅವನ ಕೈಗೆ ವಾಪಸು ಕೊಟ್ಟೆ.

"ಇನ್ಮೇಲೆ ಯಾರಾದ್ರೂ ಹಾಗಂದ್ರೆ ಏನ್ ಹೇಳ್ತೀರಿ?" ಎಂದು ಕೇಳಿದೆ.

ಅವನು ಮೀಟರನ್ನೂ ನನ್ನನ್ನೂ ಒಮ್ಮೆ ನೋಡಿದ.

"ಆಗಲ್ಲ ಸರ್, ಅಂತೀನಿ," ಎಂದ.